ಕೆಲಸಕ್ಕೆ ಹೋಗಲು ಒಂದು ಸೈಕಲ್



ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ಅವರದು ಗಾರ್ಮೆಂಟ್ಸ್ ಕೆಲಸ. ಬಸ್ಸು ನಿಲ್ಲುವ ರಸ್ತೆ ಅವರ ಊರಿನಿಂದ ಮೂರು ಕಿಲೋಮೀಟರು ದೂರ. ಬಸ್ಸಿಗೆ ಕಾಸು ಕೊಡಬೇಕಿಲ್ಲ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ. ಆದರೆ ಬಸ್ಸು ಅವರ ಊರೊಳಗೆ ಬರೋದಿಲ್ಲವಲ್ಲ!

ಆ ಮೂರು ಕಿಲೋಮೀಟರು ನಡೆದರೆ ಮುಕ್ಕಾಲು ಗಂಟೆ. ಆಟೋ ಹತ್ತಿದರೆ ಹತ್ತು ರೂಪಾಯಿ. ಬಸ್ಸು ತಪ್ಪಿದರೆ ಕೆಲಸದ ಜಾಗದಲ್ಲಿ ಗೇಟು ಹಾಕಿರುತ್ತಾರೆ. ಅರ್ಧ ದಿನದ ಸಂಬಳ ಹೋಗ್ತದೆ.

"ಒಂದು ಸೈಕಲ್ ತಗೋತೀನಿ" ಅಂದರು ಅಕ್ಕ. ಸಂಘದಲ್ಲಿ ಸಾಲ ತೆಗೆದರು. ಅವರ ತಮ್ಮ ಪೇಟೆಗೆ ಹೋಗಿ ಸೈಕಲ್ ತಂದ. ಹೊಸದು, ಕೆಂಪು ಬಣ್ಣ, ಗೇರು ಬೇರೆ. ಊರೆಲ್ಲ ನೋಡಿತು. ಆದರೆ ನಡುವೆ ಎತ್ತರದ ಅಡ್ಡಕಂಬಿ ಇತ್ತು. ಸೀರೆ ಉಟ್ಟು ಹತ್ತಲು ಆಗಲಿಲ್ಲ. ಸೀಟಿನ ಮೇಲೆ ಕುಳಿತರೆ ಕಾಲು ನೆಲಕ್ಕೆ ಸಿಗಲಿಲ್ಲ. ಬುತ್ತಿ ಚೀಲ ಇಡಲು ಕ್ಯಾರಿಯರ್ ಇರಲಿಲ್ಲ. ಒಂದು ವಾರದಲ್ಲಿ ಸೈಕಲ್ ಗೋಡೆಗೆ ಒರಗಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ತಪ್ಪು ಎಲ್ಲಾಯಿತು? ಸೈಕಲ್ ಕೆಟ್ಟದ್ದಲ್ಲ. ತಮ್ಮನೂ ಕೆಟ್ಟವನಲ್ಲ. ಓಡಿಸುವವರು ಒಬ್ಬರು, ಆರಿಸಿದವರು ಇನ್ನೊಬ್ಬರು. ಅಷ್ಟೇ ತಪ್ಪು. ಆದ್ದರಿಂದ ಸೈಕಲ್ ಆರಿಸುವುದು ಹೇಗೆ ಅಂತ ನಾವೇ ತಿಳಿಯೋಣ, ಬನ್ನಿ.

ಮೊದಲು ಮೂರು ಪ್ರಶ್ನೆ

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಕುಳಿತು ಯೋಚಿಸಿ.

ಒಂದು: ಎಷ್ಟು ದೂರ ಹೋಗಬೇಕು? ರಸ್ತೆ ಎಂಥದ್ದು?

ಎರಡು: ಸೈಕಲ್ ಎಲ್ಲಿ ನಿಲ್ಲಿಸುತ್ತೀರಿ? ರಾತ್ರಿ ಎಲ್ಲಿ, ಹಗಲು ಎಲ್ಲಿ?

ಮೂರು: ಸೈಕಲ್ ಮೇಲೆ ಏನು ಹೊರಬೇಕು? ಬುತ್ತಿಯೇ, ಹುಲ್ಲಿನ ಹೊರೆಯೇ, ಮಗುವೇ?

ಉತ್ತರಗಳನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಅಂಗಡಿಗೆ ಹೋಗುವಾಗ ಆ ಪುಸ್ತಕ ಕೈಯಲ್ಲಿರಲಿ.

ಮಡಚುವ ಸೈಕಲ್ ಯಾರಿಗೆ?

ಈಗ ಮಡಚುವ ಸೈಕಲ್ ಕೂಡ ಸಿಗುತ್ತದೆ. ಅದರ ಚಕ್ರ ಚಿಕ್ಕದು. ಸಾಮಾನ್ಯವಾಗಿ 20 ಇಂಚು. ನಡುವೆ ಬಾಗಿಲಿಗೆ ಇರುವ ಹಾಗೆ ಒಂದು ಕೀಲು ಇರುತ್ತದೆ. ಹ್ಯಾಂಡಲ್ ಕೆಳಗೆ ಇನ್ನೊಂದು ಕೀಲು. ಎರಡನ್ನೂ ಮಡಚಿದರೆ ಮಂಚದ ಕೆಳಗೋ ಬಾಗಿಲ ಹಿಂದೋ ಇಡಬಹುದು.

ಪಟ್ಟಣದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ ಇದ್ದವರಿಗೆ ಇದು ಅನುಕೂಲ. ಹೊರಗೆ ಬಿಟ್ಟರೆ ಕಳ್ಳರ ಭಯ ಇದ್ದಾಗಲೂ ಅನುಕೂಲ. ಬೆಂಗಳೂರಿನ ಮೆಟ್ರೋ ರೈಲಿನಲ್ಲಿ 2020ರಲ್ಲಿ ಮಡಚುವ ಸೈಕಲ್ ಒಯ್ಯಲು ಒಪ್ಪಿಗೆ ಕೊಟ್ಟರು. ಅದಕ್ಕೆ ಅಳತೆಯ ಮಿತಿ ಇದೆ, ತೂಕದ ಮಿತಿಯೂ ಇದೆ. ಮೆಟ್ರೋಗಾಗಿಯೇ ಕೊಳ್ಳುವುದಾದರೆ ಮೊದಲು ನಿಲ್ದಾಣದಲ್ಲಿ ಮಿತಿ ಎಷ್ಟು ಅಂತ ಕೇಳಿ. ಆಮೇಲೆ ಅಂಗಡಿಗೆ ಹೋಗಿ.

ಆದರೆ ಒಂದು ಮಾತು. ಕಡಿಮೆ ಬೆಲೆಯ ಮಡಚುವ ಸೈಕಲ್ ಹಗುರ ಇರುವುದಿಲ್ಲ. ಸುಮಾರು 15 ಕಿಲೋ ತೂಗುತ್ತದೆ. ತುಂಬಿದ ಒಂದು ಕೊಡ ನೀರು ಎತ್ತಿದ ಹಾಗೆ! ಮೂರನೇ ಮಹಡಿಗೆ ದಿನಾ ಹೊರಲು ಆಗುತ್ತದೆಯೇ? ಅಂಗಡಿಯಲ್ಲೇ ಒಮ್ಮೆ ಎತ್ತಿ ನೋಡಿ. ನೀವೇ ಮಡಚಿ, ನೀವೇ ಬಿಡಿಸಿ ನೋಡಿ.

ಕೀಲಿನ ಹತ್ತಿರ ಬಿರುಕು ಇರಬಾರದು. ಚಿಲಕ ಬಿಗಿಯಾಗಿ ಕೂರಬೇಕು. ಕೀಲು ಅಲುಗಾಡಿದರೆ ಆ ಸೈಕಲ್ ಬೇಡ. ಓಡುವಾಗ ಚಿಲಕ ಬಿಚ್ಚಿದರೆ ಬೀಳೋದು ಖಂಡಿತ.

ಚಿಕ್ಕ ಚಕ್ರ ಗುಂಡಿಗೆ ಬಿದ್ದರೆ ಮೈಯೆಲ್ಲ ಅಲುಗುತ್ತದೆ. ಮಣ್ಣಿನ ರಸ್ತೆಗೆ ದೊಡ್ಡ ಚಕ್ರವೇ ಮೇಲು. ಟೈರು, ಟ್ಯೂಬು ಹೇಗೋ ಸಿಗುತ್ತವೆ. ಮಕ್ಕಳ ಸೈಕಲ್ಲಿಗೂ 20 ಇಂಚಿನ ಚಕ್ರ ಇರುತ್ತದೆ. ಆದರೆ ಆ ಕೀಲು, ಚಿಲಕ ಮುರಿದರೆ ಹಳ್ಳಿಯ ಸೈಕಲ್ ಶಾಪಿನಲ್ಲಿ ಸಿಗುವುದು ಕಷ್ಟ.

ಹಳ್ಳಿಯವರಿಗೆ ಯಾವುದು?

ಮನೆ ಮುಂದೆ ಜಗಲಿ ಇದೆ, ನಿಲ್ಲಿಸಲು ಜಾಗ ಇದೆ ಎಂದರೆ ಮಡಚುವ ಸೈಕಲ್ ಯಾಕೆ? ಸಾದಾ ಲೇಡೀಸ್ ಸೈಕಲ್ ಸಾಕು. ಅದರ ಕಂಬಿ ತಗ್ಗಿರುತ್ತದೆ. ಸೀರೆ ಉಟ್ಟವರೂ ಸುಲಭವಾಗಿ ಹತ್ತಬಹುದು, ಇಳಿಯಬಹುದು. ಗೇರು ಬೇಡ. ಗೇರು ಇದ್ದರೆ ರಿಪೇರಿ ಹೆಚ್ಚು.

ಈ ಐದು ಇದೆಯೇ ನೋಡಿ: ಚೈನಿಗೆ ಕವರು, ಹಿಂದಿನ ಚಕ್ರಕ್ಕೆ ಸೀರೆ ಸಿಗದಂತೆ ಜಾಲರಿ, ಗಟ್ಟಿ ಕ್ಯಾರಿಯರ್, ಬೆಲ್ಲು, ಹಿಂದೆ ಕೆಂಪಾಗಿ ಹೊಳೆಯುವ ಬಿಲ್ಲೆ. ಕತ್ತಲಲ್ಲಿ ಲಾರಿಯವರಿಗೆ ನೀವು ಕಾಣುವುದು ಆ ಬಿಲ್ಲೆಯಿಂದ.

ಸೈಕಲ್ ನಿಮ್ಮ ಮೈಗೆ ಹೊಂದಬೇಕು. ಈಗ ತಾನೇ ಕಲಿಯುವವರು ಸೀಟು ತಗ್ಗಿಸಿಕೊಳ್ಳಿ. ಕುಳಿತಾಗ ಎರಡೂ ಕಾಲಿನ ಮುಂಗಾಲು ನೆಲ ಮುಟ್ಟಬೇಕು. ಕಲಿತ ಮೇಲೆ ಸ್ವಲ್ಪ ಎತ್ತರಿಸಿ. ಪೆಡಲ್ ಪೂರ್ತಿ ಕೆಳಗೆ ಬಂದಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ಸೀಟು ತೀರಾ ತಗ್ಗಿದ್ದರೆ ದಿನಾ ತುಳಿದು ಮಂಡಿ ನೋಯುತ್ತದೆ.

ಹಳೆಯ ಸೈಕಲ್ ಕೊಳ್ಳುವಾಗ

ಹೊಸದಕ್ಕೆ ಕಾಸು ಸಾಲದಿದ್ದರೆ ಹಳೆಯದು ಕೊಳ್ಳಿ. ಅದಕ್ಕೂ ಮುಂಚೆ ಮನೆಯ ಮೂಲೆ ನೋಡಿ. ನಮ್ಮ ಸರ್ಕಾರ 2006ರಲ್ಲಿ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತ್ತು. ಮಗಳು ಓದು ಮುಗಿಸಿದ ಮೇಲೆ ಅಂಥ ಸೈಕಲ್ ತುಕ್ಕು ಹಿಡಿದು ನಿಂತಿರಬಹುದು. ಅದನ್ನೇ ರಿಪೇರಿ ಮಾಡಿಸಬಹುದು.

ಕೊಳ್ಳುವುದೇ ಆದರೆ ಹಗಲು ಹೊತ್ತು ಹೋಗಿ. ಹೀಗೆ ಪರೀಕ್ಷೆ ಮಾಡಿ.

ಚಕ್ರ ಎತ್ತಿ ತಿರುಗಿಸಿ. ಸೊಟ್ಟಗೆ ಓಲಾಡಬಾರದು. ಕಡ್ಡಿಗಳು ಸಡಿಲ ಇರಬಾರದು.

ಬ್ರೇಕು ಹಿಡಿದು ಸೈಕಲ್ ತಳ್ಳಿ. ಚಕ್ರ ತಿರುಗಬಾರದು.

ಮುಂದಿನ ಬ್ರೇಕು ಹಿಡಿದು ಹಿಂದೆ ಮುಂದೆ ಅಲುಗಿಸಿ. ಹ್ಯಾಂಡಲ್ ಬುಡದಲ್ಲಿ ಕಟಕಟ ಎನ್ನಬಾರದು.

ಕಂಬಿ ಸೇರುವ ಬೆಸುಗೆ ನೋಡಿ. ಅಲ್ಲಿ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಬಿರುಕು ಮುಚ್ಚಿರಬಹುದು.

ಟೈರು, ಚೈನು, ಬ್ರೇಕಿನ ರಬ್ಬರು ಸವೆದಿದ್ದರೆ ಹೆದರಬೇಡಿ. ಅವನ್ನು ಬದಲಾಯಿಸಬಹುದು. ಆ ಖರ್ಚನ್ನು ಬೆಲೆಯಲ್ಲಿ ಇಳಿಸಲು ಕೇಳಿ.

ಇನ್ನೊಂದು ಮುಖ್ಯ ವಿಷಯ. ಸೈಕಲ್ಲಿನ ಬಾಡಿಯ ಮೇಲೆ ಒಂದು ನಂಬರ್ ಒತ್ತಿರುತ್ತಾರೆ. ಬಹಳ ಸೈಕಲ್ಲಿಗೆ ಅದು ಪೆಡಲ್ ಇರುವ ಜಾಗದ ಅಡಿಯಲ್ಲಿ ಇರುತ್ತದೆ. ಅದನ್ನು ಓದಿ ಬರೆದುಕೊಳ್ಳಿ. ನಂಬರ್ ಉಜ್ಜಿ ಅಳಿಸಿದ್ದರೆ ಕದ್ದ ಮಾಲು ಇರಬಹುದು. ಕೊಳ್ಳಬೇಡಿ. ಮಾರುವವರಿಂದ ರಸೀದಿ ಕೇಳಿ. ರಸೀದಿಯಲ್ಲಿ ಆ ನಂಬರ್ ಇರಲಿ. ನಿಮ್ಮ ಹೆಸರು ಇರಲಿ.

ಲೆಕ್ಕ ಹಾಕೋಣ

ಆಟೋಗೆ ಹೋಗಲು 10 ರೂಪಾಯಿ, ಬರಲು 10 ರೂಪಾಯಿ. ದಿನಕ್ಕೆ 20 ರೂಪಾಯಿ. ತಿಂಗಳಿಗೆ 26 ದಿನ ಕೆಲಸ.

20 × 26 = 520 ರೂಪಾಯಿ.

ಹಳೆಯ ಸೈಕಲ್ಲಿಗೆ 2000, ರಿಪೇರಿಗೆ 600 ಅಂದುಕೊಳ್ಳಿ. ಒಟ್ಟು 2600.

2600 ÷ 520 = 5.

ಐದು ತಿಂಗಳಿಗೆ ಕಾಸು ವಾಪಸ್ ಬಂದ ಹಾಗಾಯಿತು. ಹೊಸದಕ್ಕೆ 6000 ಅಂದುಕೊಂಡರೆ ಸುಮಾರು ಒಂದು ವರ್ಷ ಬೇಕು. ಸಾಲ ಮಾಡಿದರೆ ಬಡ್ಡಿಯನ್ನೂ ಸೇರಿಸಿ. ಪಂಕ್ಚರ್, ಎಣ್ಣೆ ಅಂತ ತಿಂಗಳಿಗೆ ಅಷ್ಟೋ ಇಷ್ಟೋ ತೆಗೆದಿಡಿ. ನಿಮ್ಮ ಊರಿನ ಬೆಲೆ ಬೇರೆ ಇರಬಹುದು. ಅದನ್ನು ಕೇಳಿ ತಿಳಿದು, ಇದೇ ಲೆಕ್ಕ ನೀವೂ ಮಾಡಿ.

"ಈ ವಯಸ್ಸಿನಲ್ಲಿ ಸೈಕಲ್ಲೇ?"

ಹೀಗೆ ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ಪುದುಕ್ಕೋಟೆಯ ಕತೆ ಹೇಳಿ. ಅದು ತಮಿಳುನಾಡಿನ ಒಂದು ಜಿಲ್ಲೆ. 1991ರ ಹೊತ್ತಿಗೆ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಆಗ ಜಿಲ್ಲಾಧಿಕಾರಿ ಆಗಿದ್ದವರು ಶೀಲಾರಾಣಿ ಚುಂಕತ್. ಅಕ್ಷರ ಕಲಿಸುವುದರ ಜೊತೆಗೆ ಹೆಂಗಸರಿಗೆ ಸೈಕಲ್ ಕಲಿಸಿದರು. ಕೂಲಿಯವರು, ಕಲ್ಲು ಒಡೆಯುವವರು, ಅಂಗನವಾಡಿಯವರು ಸಾವಿರ ಸಾವಿರ ಲೆಕ್ಕದಲ್ಲಿ ಕಲಿತರು. ಲೇಡೀಸ್ ಸೈಕಲ್ ಸಾಲದೆ ಗಂಡಸರ ಸೈಕಲ್ಲನ್ನೇ ಹತ್ತಿದರು. ಕೆಲವರಿಗೆ ಅದೇ ಇಷ್ಟವಾಯಿತು. ಯಾಕೆ ಗೊತ್ತೇ? ಮುಂದಿನ ಅಡ್ಡಕಂಬಿಯ ಮೇಲೆ ಮಗುವನ್ನು ಕೂರಿಸಬಹುದಿತ್ತು!

ನಮ್ಮ ಅಕ್ಕ ಏನು ಮಾಡಿದರು?

ಒಂದು ಭಾನುವಾರ ಅಕ್ಕ ತಾವೇ ಪೇಟೆಗೆ ಹೋದರು. ಕೆಂಪು ಸೈಕಲ್ ವಾಪಸ್ ಕೊಟ್ಟರು. ಅಂಗಡಿಯವರು ಬೆಲೆ ಮುರಿದೇ ತೆಗೆದುಕೊಂಡರು. ಸ್ವಲ್ಪ ನಷ್ಟವಾಯಿತು. ಅಲ್ಲೇ ಮೂಲೆಯಲ್ಲಿ ಒಂದು ಹಳೆಯ ಲೇಡೀಸ್ ಸೈಕಲ್ ಇತ್ತು. ಬಣ್ಣ ಮಾಸಿತ್ತು. ಅಕ್ಕ ಹತ್ತಿ ನೋಡಿದರು. ಕಾಲು ನೆಲಕ್ಕೆ ಸಿಕ್ಕಿತು. ಬ್ರೇಕು ಹಿಡಿದು ನೋಡಿದರು. ಬಗ್ಗಿ ಅಡಿಯ ನಂಬರ್ ಓದಿದರು. ರಸೀದಿಗೆ ತಮ್ಮ ಕೈಯಿಂದಲೇ ಹೆಸರು ಬರೆದರು.

ಈಗ ಬಸ್ ರಸ್ತೆಗೆ ಕಾಲು ಗಂಟೆ. ಗೇಟಿನ ಭಯ ಇಲ್ಲ. ಆಟೋದ ಕಾಸು ಸಾಲದ ಕಂತಿಗೆ ಹೋಗುತ್ತದೆ.

ಸೈಕಲ್ ನಿಮ್ಮದು. ತುಳಿಯುವ ಕಾಲು ನಿಮ್ಮದು. ಆರಿಸುವ ಕಣ್ಣೂ ನಿಮ್ಮದೇ ಆಗಿರಲಿ.