ರೇಡಿಯೇಟರ್ ಫ್ಯಾನ್: ತಿರುಗದಿದ್ದಾಗ, ನಿಲ್ಲದಿದ್ದಾಗ

ಮೋಟರ್‌ಸೈಕಲ್ಲಿನ ರೇಡಿಯೇಟರ್ ಫ್ಯಾನಿಗೆ ಕೆಲಸ ಬೀಳುವುದು ಬೈಕು ನಿಂತಾಗ ಇಲ್ಲವೇ ತೆವಳುವಾಗ. ಓಟದಲ್ಲಿ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಹಾಗಾಗಿ ಹೆದ್ದಾರಿಯಲ್ಲಿ ಫ್ಯಾನ್ ಸುಮ್ಮನಿದ್ದರೆ ಅದು ದೋಷವಲ್ಲ. ಕಬ್ಬಿನ ಹಂಗಾಮಿನಲ್ಲಿ ಅಕ್ಕೋಳದ ಬೈಕೊಂದು ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರಿನ ಹಿಂದೆ ನಿಪ್ಪಾಣಿಯತ್ತ ಹೊರಟಾಗ, ಅಥವಾ ತವಂದಿ ಘಾಟಿನ ಏರಿನಲ್ಲಿ ಲಾರಿಗಳ ಸಾಲಿಗೆ ಸಿಕ್ಕಾಗ ಫ್ಯಾನಿನ ನಿಜವಾದ ಪರೀಕ್ಷೆ.

ಊರಿನ ಎಲ್ಲ ಬೈಕುಗಳಿಗೂ ಈ ಫ್ಯಾನ್ ಇರುವುದಿಲ್ಲ. ನೂರು, ನೂರಿಪ್ಪತ್ತೈದು ಸಿಸಿಯ ಸಾಮಾನ್ಯ ಗಾಡಿಗಳ ಸಿಲಿಂಡರಿಗೆ ಗಾಳಿ ತಾಗುವ ರೆಕ್ಕೆಗಳಷ್ಟೇ ಇರುತ್ತವೆ. 2008ರಲ್ಲಿ ಬಂದ ಯಮಹಾ ಆರ್‌15, 2012ರಲ್ಲಿ ಬಂದ ಕೆಟಿಎಂ ಡ್ಯೂಕ್ 200 ಮತ್ತು ಪಲ್ಸರ್ 200ಎನ್‌ಎಸ್ ಮುಂತಾದವು ರೇಡಿಯೇಟರನ್ನು ಹಳ್ಳಿಯ ಗ್ಯಾರೇಜಿನವರೆಗೂ ತಂದವು. ಗಾಳಿಯಿಂದ ತಣಿಯುವ ಸ್ಕೂಟರುಗಳಲ್ಲೂ ಫ್ಯಾನ್ ಉಂಟು. ಆದರೆ ಅದು ಮ್ಯಾಗ್ನೆಟ್‌ಗೆ ಕಚ್ಚಿಕೊಂಡು ಎಂಜಿನ್ನಿನ ಜೊತೆಗೇ ತಿರುಗುತ್ತದೆ. ಅಲ್ಲಿ ನೋಡಬೇಕಾದದ್ದು ಮುರಿದ ರೆಕ್ಕೆ, ಕವರಿನೊಳಗೆ ಸೇರಿದ ಕಸ, ಇಷ್ಟೇ.

ರೇಡಿಯೇಟರಿನ ಬೈಕು ಬಿಸಿಯಾಗಿ ಫ್ಯಾನ್ ತಿರುಗದಿದ್ದರೆ ತಕ್ಷಣ ಮೋಟರನ್ನೇ ಬೈಯುವುದು ವಾಡಿಕೆ. ಮೊದಲು ನೋಡಬೇಕಾದದ್ದು ನೀರು. ತಾಪಮಾನ ಅಳೆಯುವ ಸೆನ್ಸರ್ ಕೂಲಂಟಿನಲ್ಲಿ ಮುಳುಗಿರಬೇಕು. ಮಟ್ಟ ಇಳಿದು ಅದರ ಸುತ್ತ ಗಾಳಿ ತುಂಬಿಕೊಂಡರೆ ಎಂಜಿನ್ ಕುದಿಯುತ್ತಿದ್ದರೂ ಅದಕ್ಕೆ ಬಿಸಿ ಸರಿಯಾಗಿ ತಾಗುವುದಿಲ್ಲ, ಫ್ಯಾನಿಗೆ ಕರೆಯೂ ಹೋಗುವುದಿಲ್ಲ. ನಂತರ ಕ್ಯಾಪ್. ನಿಪ್ಪಾಣಿ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ತೆರೆದ ಪಾತ್ರೆಯ ನೀರು ಇಲ್ಲಿ 98 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ. ಬಹಳಷ್ಟು ಫ್ಯಾನುಗಳು ಶುರುವಾಗುವುದೇ ನೂರರ ಆಸುಪಾಸಿನಲ್ಲಿ. ಈ ಅಂತರವನ್ನು ಕಾಯುವುದು ಕೂಲಂಟಿನ ಗ್ಲೈಕಾಲ್ ಮತ್ತು ಕ್ಯಾಪ್ ಹಿಡಿದಿಡುವ ಒತ್ತಡ. ಕ್ಯಾಪಿನ ರಬ್ಬರು ಸವೆದು, ಕೂಲಂಟಿನ ಬದಲು ಬಾವಿಯ ನೀರು ತುಂಬಿದ್ದರೆ ಫ್ಯಾನ್ ಏಳುವ ಮೊದಲೇ ನೀರು ಕುದಿದು ಉಕ್ಕುತ್ತದೆ. ಫ್ಯಾನಿನ ತಪ್ಪು ಅಲ್ಲಿ ಏನೂ ಇಲ್ಲ. ಬಿಸಿಯಿದ್ದಾಗ ಕ್ಯಾಪ್ ತೆಗೆಯುವ ಸಾಹಸವಂತೂ ಬೇಡ. ಒತ್ತಡ ಇಳಿದ ಕ್ಷಣವೇ ನೀರು ಆವಿಯಾಗಿ ಮುಖಕ್ಕೆ ಎರಚುತ್ತದೆ.

ಕಬ್ಬಿನ ಸೀಮೆಯಲ್ಲಿ ರೇಡಿಯೇಟರಿನ ಮುಖವನ್ನೂ ನೋಡಬೇಕು. ರವದಿಯ ಎಳೆ, ಎರೆಮಣ್ಣಿನ ಕೆಸರು ಜಾಲರಿಯ ಸಂದುಗಳಲ್ಲಿ ಒಣಗಿ ಗಟ್ಟಿಯಾದರೆ ಫ್ಯಾನ್ ಎಷ್ಟು ತಿರುಗಿದರೂ ಗಾಳಿ ದಾಟುವುದಿಲ್ಲ. ಅದನ್ನು ಸಣ್ಣ ಧಾರೆಯ ನೀರಿನಲ್ಲಿ ನೆನೆಸಿ, ಮೆತ್ತನೆಯ ಬ್ರಷ್ಷಿನಿಂದ ತೆಗೆಯಬೇಕು. ವಾಷಿಂಗ್ ಸೆಂಟರಿನ ಜೋರು ಧಾರೆ ತೆಳುವಾದ ರೆಕ್ಕೆಗಳನ್ನು ಮಡಚಿಬಿಡುತ್ತದೆ, ಕನೆಕ್ಟರಿನೊಳಗೂ ನುಗ್ಗುತ್ತದೆ.

ಇಷ್ಟಾದ ಮೇಲೆ ವಿದ್ಯುತ್ತಿನ ಸರದಿ. ಫ್ಯೂಸ್ ಸುಟ್ಟಿದ್ದರೆ ಅದೇ ಆಂಪಿಯರಿನದನ್ನು ಹಾಕಬೇಕು. ಮತ್ತೆ ಸುಟ್ಟರೆ ವೈರು ಎಲ್ಲೋ ಚಾಸಿಗೆ ತಾಗುತ್ತಿದೆ, ಇಲ್ಲವೇ ಮೋಟರ್ ಜಾಮ್ ಆಗಿದೆ. ಎಂಜಿನ್ ಆರಿದ ಮೇಲೆ ಕನೆಕ್ಟರ್ ಬಿಚ್ಚಿ, ಎಲೆಯನ್ನು ಬೆರಳಿನಿಂದ ತಿರುಗಿಸಿದರೆ ಜಾಮ್ ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಹಗುರವಾಗಿ ತಿರುಗಿದರೆ ಫ್ಯೂಸ್ ಇರುವ ಎರಡು ವೈರುಗಳಿಂದ 12 ವೋಲ್ಟಿನ ಬ್ಯಾಟರಿಗೆ ನೇರವಾಗಿ ಕೊಟ್ಟು ನೋಡಬೇಕು. ಆಗಲೂ ತಿರುಗದಿದ್ದರೆ ಮಾತ್ರ ಮೋಟರ್ ಕೆಟ್ಟಿದೆ ಎನ್ನಬಹುದು. ತಿರುಗಿದರೆ ದೋಷ ಹಿಂದೆಲ್ಲೋ ಇದೆ: ಹಸಿರು ಹಿಡಿದ ಪಿನ್, ಸಡಿಲ ಅರ್ಥಿಂಗ್, ರಿಲೇ ಅಥವಾ ಸೆನ್ಸರ್. ಹಳೆಯ ಮಾದರಿಗಳಲ್ಲಿ ರೇಡಿಯೇಟರಿಗೇ ಒಂದು ಥರ್ಮೋ ಸ್ವಿಚ್ ಇರುತ್ತದೆ. ಅದರ ಎರಡು ವೈರು ಕೂಡಿಸಿದಾಗ ಫ್ಯಾನ್ ತಿರುಗಿದರೆ ಸ್ವಿಚ್ ಕೆಟ್ಟಿದೆ ಎಂದೇ ಅರ್ಥವಲ್ಲ. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕುಳಿತಿದ್ದರೆ ಎಂಜಿನ್ ಸುಡುತ್ತಿದ್ದರೂ ರೇಡಿಯೇಟರ್ ತಣ್ಣಗೇ ಇರುತ್ತದೆ, ಸ್ವಿಚ್ಚಿಗೆ ಬಿಸಿ ಮುಟ್ಟುವುದೇ ಇಲ್ಲ. ಹೊಸ ಬೈಕುಗಳಲ್ಲಿ ಸೆನ್ಸರಿನ ಅಳತೆ ನೋಡಿ ಇಸಿಯು ರಿಲೇಯನ್ನು ಒತ್ತುತ್ತದೆ. ಬಿಸಿ ಏರಿದಂತೆ ಸೆನ್ಸರಿನ ರೋಧ ಇಳಿಯಬೇಕು. ಬಿಸಿನೀರಿನ ಲೋಟದಲ್ಲಿ ಅದರ ತುದಿ ಅದ್ದಿ ಮಲ್ಟಿಮೀಟರ್ ಹಿಡಿದರೆ ಅಂಕಿ ಸರಸರನೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಅಲುಗಾಡದೆ ನಿಂತರೆ ಸೆನ್ಸರ್ ಬದಲಿಸಬೇಕು.

ರಿಪೇರಿಯಾದ ಮೇಲೆ ಹೊಸದೊಂದು ತೊಂದರೆ ಹುಟ್ಟುವುದೂ ಉಂಟು. ಪ್ಲಸ್, ಮೈನಸ್ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗಿ ಎದುರುಗಾಳಿಗೇ ಅಡ್ಡ ಬರುತ್ತದೆ. ಮುಂಭಾಗದ ರೇಡಿಯೇಟರಿನ ಹಿಂದೆ ಕೂತ ಫ್ಯಾನ್ ಗಾಳಿಯನ್ನು ಒಳಕ್ಕೆ ಎಳೆಯಬೇಕು. ಜಾಲರಿಯ ಮುಂದೆ ಕಾಗದದ ತುಂಡು ಹಿಡಿದರೆ ಅದು ಅಂಟಿಕೊಳ್ಳಬೇಕು, ಹಾರಿಹೋಗಬಾರದು.

ಸದಾ ತಿರುಗುತ್ತಲೇ ಇರುವ ಫ್ಯಾನಿನ ಕಥೆ ಚಿಕ್ಕದು. ರಿಲೇಯ ಪಾಯಿಂಟು ಅಂಟಿಕೊಂಡಿದೆ, ಅಥವಾ ಸೆನ್ಸರಿನ ವೈರು ಕಡಿದು ಇಸಿಯು ಮುನ್ನೆಚ್ಚರಿಕೆಯಾಗಿ ಫ್ಯಾನ್ ಹಾಕಿಟ್ಟಿದೆ. ಕೆಲವು ಮಾದರಿಗಳಲ್ಲಿ ಕೀ ತೆಗೆದ ಮೇಲೂ ಸ್ವಲ್ಪ ಹೊತ್ತು ತಿರುಗುವುದು ಸಹಜ. ಸೆನ್ಸರಿನ ಗೊಡವೆಯೇ ಬೇಡವೆಂದು ಹ್ಯಾಂಡಲಿಗೊಂದು ಸ್ವಿಚ್ ಹಾಕಿ ಫ್ಯಾನನ್ನು ನೇರ ಕೊಡುವ ಜುಗಾಡ್ ದಾರಿಯಲ್ಲಿ ಕೈಕೊಟ್ಟಾಗ ಊರು ಮುಟ್ಟಿಸೀತು. ಅದನ್ನೇ ಕಾಯಂ ಮಾಡಿದರೆ ಸ್ವಿಚ್ ಒತ್ತಲು ಮರೆತ ದಿನ ಗ್ಯಾಸ್ಕೆಟ್ ಹೋಗುತ್ತದೆ, ಆರಿಸಲು ಮರೆತ ರಾತ್ರಿ ಬ್ಯಾಟರಿ ಇಳಿಯುತ್ತದೆ.

ಕೊನೆಗೆ ಕೂಲಂಟ್ ತುಂಬಿ, ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳನ್ನು ಹೊರಬಿಟ್ಟು, ಕ್ಯಾಪ್ ಮುಚ್ಚಿ, ಬೈಕನ್ನು ಬಯಲಿನಲ್ಲಿ ಸ್ಟ್ಯಾಂಡಿಗೆ ಹಾಕಿ ನಿಂತಲ್ಲೇ ಓಡಿಸಬೇಕು. ಫ್ಯಾನ್ ತಾನಾಗಿ ಎದ್ದು, ಬಿಸಿ ಇಳಿದಾಗ ತಾನಾಗಿ ನಿಂತು, ಮತ್ತೊಮ್ಮೆ ಏಳುವವರೆಗೆ ಕಾದು ನೋಡಿದರೆ ಕೆಲಸ ಮುಗಿದಂತೆ.