ಸೀಮೆಹಸುವಿನ ತವರನ್ನು ತೋರುವ ಚಿತ್ರಗಳು



ಬೇಸಿಗೆ ಬಂತೆಂದರೆ ಹಳ್ಳಿಹಳ್ಳಿಯಲ್ಲೂ ನಾನು ಕೇಳುವ ಮಾತು ಒಂದೇ: "ಸಾರ್, ಹಸು ಹಾಲು ಕಮ್ಮಿ ಮಾಡಿದೆ, ಒಂದು ಸೂಜಿ ಹಾಕಿ." ಸೂಜಿಯಿಂದ ವಾಸಿಯಾಗದ ಈ ತೊಂದರೆಯ ಕಾರಣ ತಿಳಿಯಲು ಸೀಮೆಹಸುವಿನ ತವರನ್ನು ಒಮ್ಮೆ ನೋಡಬೇಕು.

ನಾವು ಎಚ್.ಎಫ್. ಎನ್ನುವ ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ ಮೂಲ ಹಾಲೆಂಡ್ ದೇಶದ ಫ್ರೀಸ್‌ಲ್ಯಾಂಡ್ ಮತ್ತು ಅದರ ನೆರೆಯ ಉತ್ತರ ಜರ್ಮನಿ. ಆ ನಾಡಿನ ದನ, ಹುಲ್ಲುಗಾವಲು ಮತ್ತು ರೈತರ ಬದುಕನ್ನು ಅಲ್ಲಿಯ ಚಿತ್ರಕಾರರು 17ನೇ ಶತಮಾನದಲ್ಲೇ ಕಂಡದ್ದು ಕಂಡಂತೆ ಬರೆದಿಟ್ಟಿದ್ದಾರೆ. ಯೂರೋಪಿನ ಬೇರೆಡೆ ಚಿತ್ರಗಳು ಹೆಚ್ಚಾಗಿ ಅರಮನೆಗೆ, ಚರ್ಚಿಗೆ ಹೋಗುತ್ತಿದ್ದವು. ಹಾಲೆಂಡಿನಲ್ಲಿ ವ್ಯಾಪಾರಿಗಳು, ಕಸುಬುದಾರರು ಕೂಡ ಮನೆಗೆ ಚಿತ್ರ ಕೊಳ್ಳುತ್ತಿದ್ದರು. ಹೀಗಾಗಿ ದನಗಾಹಿ, ಹಾಲು ಕರೆಯುವ ಹೆಂಗಸು, ಹಸು ಇವೆಲ್ಲ ಚಿತ್ರಕ್ಕೆ ವಸ್ತುವಾದವು.

ಪೌಲುಸ್ ಪಾಟರ್ ಎಂಬ ಯುವಕ 1647ರಲ್ಲಿ ಬರೆದ 'ಎಳೆಯ ಹೋರಿ' ಚಿತ್ರ ಸುಮಾರು 11 ಅಡಿ ಅಗಲವಿದೆ. ಹೋರಿಯನ್ನು ನಿಜವಾದ ಗಾತ್ರದಲ್ಲೇ ತೋರಿಸಿ, ಅದರ ಸುತ್ತ ಹಾರುವ ನೊಣಗಳನ್ನೂ ಬಿಡದೆ ಬರೆದಿದ್ದಾನೆ. ಅದು ಈಗ ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿದೆ. ಆಲ್ಬರ್ಟ್ ಕೈಪ್ ಎಂಬಾತ ಸುಮಾರು 1650ರಲ್ಲಿ ಬರೆದ ಚಿತ್ರದಲ್ಲಿ ಹೆಂಗಸೊಬ್ಬಳು ಬಯಲಿನಲ್ಲೇ ಕುಳಿತು ಹಾಲು ಕರೆಯುತ್ತಿದ್ದಾಳೆ. ಪಕ್ಕದಲ್ಲಿ ಹಸುಗಳು ನೆಮ್ಮದಿಯಾಗಿ ಮಲಗಿವೆ. ಇನ್ನೊಂದರಲ್ಲಿ ಹಸುಗಳು ನದಿಯ ನೀರಿನಲ್ಲೇ ನಿಂತಿವೆ.

ಪಶುವೈದ್ಯನಾದ ನನ್ನ ಕಣ್ಣು ಹೋಗುವುದು ಹಸುವಿನ ಹಿಂದಿರುವ ನೆಲದ ಕಡೆಗೆ. ಮೋಡ ಕವಿದ ಆಕಾಶ, ಹಸಿ ಹುಲ್ಲು, ಕೈಗೆಟುಕುವಷ್ಟು ಹತ್ತಿರದಲ್ಲಿ ನೀರು. ಆ ಹವೆಗೆ ಒಗ್ಗಿದ ಮೈ ಇದು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ತಳಿ ಬಂತು, ಅದರ ತಂಪು ಬರಲಿಲ್ಲ.

ಬಿಸಿಲು ಸುಮಾರು 25 ಡಿಗ್ರಿ ದಾಟಿದರೆ ಎಚ್.ಎಫ್. ಹಸುವಿಗೆ ತ್ರಾಸ ಶುರುವಾಗುತ್ತದೆ. ಹಸು ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಮಲಗಿ ಮೆಲುಕು ಹಾಕುವ ಬದಲು ನಿಂತೇ ಇರುತ್ತದೆ. ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಬೆದೆ ಸರಿಯಾಗಿ ಕಾಣದು, ಗರ್ಭವೂ ನಿಲ್ಲದು. ಸಾಲ ಮಾಡಿ ತಂದ ಹಸುವಾದರೆ ಕಂತು ಕಟ್ಟುವುದೇ ಕಷ್ಟ. ಆದ್ದರಿಂದ,

• ಶೀಟಿನ ಮಾಡಿನ ಮೇಲೆ ತೆಂಗಿನ ಗರಿ ಅಥವಾ ಹುಲ್ಲು ಹೊದಿಸಿ. ಗಾಳಿ ಆಡಲು ಪಕ್ಕಗಳನ್ನು ತೆರೆದಿಡಿ.
• ನೀರು ದಿನವಿಡೀ ಎದುರಿಗಿರಲಿ. 15 ಲೀಟರ್ ಹಾಲು ಕೊಡುವ ಹಸು ಬೇಸಿಗೆಯಲ್ಲಿ 80ರಿಂದ 100 ಲೀಟರ್ ನೀರು ಕುಡಿಯಬಲ್ಲದು.
• ಮೇವನ್ನು ಮುಂಜಾನೆ ಮತ್ತು ರಾತ್ರಿ ಹೆಚ್ಚಾಗಿ ಹಾಕಿ.
• ಮಧ್ಯಾಹ್ನ ಮೈಮೇಲೆ ನೀರು ಚಿಮುಕಿಸಿ, ಗಾಳಿಗೆ ಕಟ್ಟಿ.
• ಕೃತಕ ಗರ್ಭಧಾರಣೆ ಮಾಡಿಸುವಾಗ ವಿದೇಶಿ ರಕ್ತ ಅರ್ಧದಿಂದ ಶೇ. 62.5ರ ಒಳಗಿರುವಂತೆ ನಿಮ್ಮ ಸಂಘದ ಕಾರ್ಯಕರ್ತರನ್ನು ಕೇಳಿ.

ಹಾಲೆಂಡಿನ ಹೊಳೆಯನ್ನು ಚಿಂತಾಮಣಿಗೋ ಗೌರಿಬಿದನೂರಿಗೋ ತರಲಾಗದು. ಕೊಟ್ಟಿಗೆಯಲ್ಲಿ ನೆರಳು, ಬಾನಿ ತುಂಬ ನೀರು ಇಡುವುದು ಮಾತ್ರ ನಮ್ಮ ಕೈಯಲ್ಲೇ ಇದೆ. ನಾಳೆ ಮಧ್ಯಾಹ್ನ ಎರಡು ಗಂಟೆಗೆ ಒಮ್ಮೆ ಕೊಟ್ಟಿಗೆಗೆ ಹೋಗಿ, ಆ ಚಿತ್ರಕಾರರಂತೆ ಹತ್ತು ನಿಮಿಷ ಸುಮ್ಮನೆ ನಿಂತು ನಿಮ್ಮ ಹಸುವನ್ನು ನೋಡಿ.