ಹೆಸರಿನ ಹೊಸತನವೂ ಅಕ್ಷರಶುದ್ಧಿಯೂ

ಕನ್ನಡ ವ್ಯಾಕರಣವು ವಸ್ತುವಾಚಕಗಳನ್ನು ರೂಢನಾಮ, ಅನ್ವರ್ಥನಾಮ, ಅಂಕಿತನಾಮ ಎಂದು ಮೂರಾಗಿ ವಿಂಗಡಿಸುತ್ತದೆ. ನದಿ, ಪರ್ವತ, ಮರ ಎಂಬ ರೂಢನಾಮಗಳು ಹಿಂದಿನಿಂದ ಬಂದವು. ಅವನ್ನು ಇಟ್ಟವರಾರೆಂದು ಹೇಳುವಂತಿಲ್ಲ. ವ್ಯಾಪಾರಿ, ಪಂಡಿತ, ಅಂಬಿಗ ಎಂಬ ಅನ್ವರ್ಥನಾಮಗಳು ವೃತ್ತಿಯಿಂದಲೋ ಗುಣದಿಂದಲೋ ತಾವಾಗಿ ಬರುವುವು. ಅಂಕಿತನಾಮವೊಂದೇ ಒಬ್ಬರು ಮತ್ತೊಬ್ಬರಿಗೆ ಬುದ್ಧಿಪೂರ್ವಕವಾಗಿ ಇಡುವಂಥದು. ಇಡುವವರು ತಾಯಿತಂದೆಗಳು, ಜೀವಮಾನವೆಲ್ಲ ಅದನ್ನು ಹೊರುವುದು ಮಗು. ಇಡುವ ಗಳಿಗೆಯಲ್ಲಿ ಆ ಮಗುವನ್ನು ಕೇಳಲು ಬರುವುದಿಲ್ಲ. ಆದುದರಿಂದ ನಾಮಕರಣದಲ್ಲಿ ಸ್ವಾತಂತ್ರ್ಯವಿರುವಷ್ಟೇ ಹೊಣೆಯೂ ಉಂಟು.

ಈಚಿನ ದಶಕಗಳಲ್ಲಿ ಶಾಲೆಗಳ ಹಾಜರಿ ಪುಸ್ತಕಗಳ ಸ್ವರೂಪ ಬದಲಾಗಿದೆ. ಬಸಪ್ಪ, ಮಲ್ಲಪ್ಪ, ನೀಲವ್ವ, ಗಂಗವ್ವ ಎಂಬ ಹೆಸರುಗಳು ವಿರಳವಾಗಿ, ಹಿಂದೆ ಯಾರೂ ಕೇಳದಿದ್ದ ಹೆಸರುಗಳು ಸಾಲುಗಟ್ಟಿವೆ. ಹಿರಿಯರು ಇದನ್ನು ಕಂಡು ಪರಂಪರೆ ಅಳಿಯಿತೆಂದು ಮರುಗುವರು. ತರುಣ ದಂಪತಿಗಳು, ನಮ್ಮ ಮಗುವಿನ ಹೆಸರು ಊರಿನಲ್ಲಿ ಮತ್ತಾರಿಗೂ ಇರಬಾರದೆಂದು ಬಯಸುವರು. ಈ ಎರಡು ಅಭಿಪ್ರಾಯಗಳೂ ಪರಾಮರ್ಶೆಗೆ ಅರ್ಹವಾದವು. ಹೆಸರು ಹೊಸದಾದುದೇ ದೋಷವೆ? ಅಲ್ಲವಾದರೆ ದೋಷವಿರುವುದು ಎಲ್ಲಿ?

ಪತಂಜಲಿ ಮಹರ್ಷಿಗಳು ಮಹಾಭಾಷ್ಯದ ಆರಂಭದಲ್ಲಿ, ವ್ಯಾಕರಣವನ್ನು ಏಕೆ ಓದಬೇಕೆಂಬ ಪ್ರಶ್ನೆಗೆ ಕೊಡುವ ಉತ್ತರಗಳಲ್ಲಿ ನಾಮಕರಣವೂ ಒಂದು. ಹೆಸರಿನ ಮೊದಲಲ್ಲಿ ಘೋಷಾಕ್ಷರವಿರಬೇಕು, ನಡುವೆ ಯ ರ ಲ ವ ಎಂಬ ಅಂತಃಸ್ಥಗಳಿರಬೇಕು, ಎರಡು ಅಥವಾ ನಾಲ್ಕು ಅಕ್ಷರಗಳದಾಗಿರಬೇಕು, ಕೃದಂತವಾಗಿರಬೇಕೇ ಹೊರತು ತದ್ಧಿತಾಂತವಾಗಿರಬಾರದು ಎಂಬ ಯಾಜ್ಞಿಕರ ನಿಯಮವನ್ನು ಅವರು ಉಲ್ಲೇಖಿಸುತ್ತಾರೆ. ಕೃತ್ತಾವುದು, ತದ್ಧಿತವಾವುದು ಎಂದರಿಯದವನು ಹೆಸರಿಡುವುದೆಂತು ಎಂಬುದು ಅವರ ಅಭಿಪ್ರಾಯ. ಅಲ್ಲಿಯೇ ಇಂದ್ರಶತ್ರುವಿನ ಪ್ರಸಂಗವೂ ಬರುತ್ತದೆ. ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿ ಆಡಿದ ಶಬ್ದವು ಸ್ವರ ತಪ್ಪಿದುದರಿಂದ 'ಇಂದ್ರನೇ ಯಾರಿಗೆ ಕೊಲ್ಲುವವನೋ ಅವನು' ಎಂಬ ಅರ್ಥವನ್ನು ತಾಳಿತು. ವೃತ್ರನು ಇಂದ್ರನಿಂದಲೇ ಹತನಾದನು. ಕಥೆ ಪುರಾಣದ್ದಾದರೂ ಅದರ ತಾತ್ಪರ್ಯ ಸರ್ವಕಾಲಕ್ಕೂ ಸಲ್ಲುವಂಥದು. ಉದ್ದೇಶ ಒಳ್ಳೆಯದಿದ್ದರೆ ಸಾಲದು; ಶಬ್ದವು ಆ ಉದ್ದೇಶವನ್ನು ಹೊರಬಲ್ಲದಾಗಿರಬೇಕು.

ನಮ್ಮ ಜನಪದರು ಈ ಶಾಸ್ತ್ರವನ್ನು ಓದಿದವರಲ್ಲ. ಆದರೂ ಅವರು ಇಟ್ಟ ಹೆಸರುಗಳಲ್ಲಿ ಕಾರಣವಿಲ್ಲದ ಹೆಸರು ಸಿಕ್ಕುವುದು ಕಷ್ಟ. ಕೂಡಲಸಂಗಮದ ಭಕ್ತರ ಮನೆಯಲ್ಲಿ ಸಂಗಪ್ಪ, ಸಂಗವ್ವ. ಸವದತ್ತಿಯ ಗುಡ್ಡಕ್ಕೆ ನಡೆದುಕೊಳ್ಳುವವರಲ್ಲಿ ಯಲ್ಲಪ್ಪ, ಯಲ್ಲವ್ವ. ಕಲಬುರಗಿಯ ಸೀಮೆಯಲ್ಲಿ ಶರಣಬಸಪ್ಪ. ಹೆಣ್ಣುಮಕ್ಕಳೇ ಹುಟ್ಟಿದ ಮನೆಯಲ್ಲಿ ಸಾಕವ್ವ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ದೃಷ್ಟಿ ತಾಗದಿರಲೆಂದು, ಮೃತ್ಯುವಿಗೆ ಬೇಡವೆನಿಸಲೆಂದು ತಿಪ್ಪವ್ವ, ತಿರುಕಪ್ಪ, ಹುಚ್ಚಪ್ಪ. ಇಂಥ ಹೆಸರು ಕೇಳಿ ನಗುವವರು ಅದರ ಹಿಂದೆ ಮಗುವನ್ನು ಕಳೆದುಕೊಂಡ ತಾಯಿಯ ಭಯವಿದೆಯೆಂಬುದನ್ನು ಅರಿತಿರುವುದಿಲ್ಲ. ಒಮ್ಮೊಮ್ಮೆ ಹೀನವೆಂದು ತೋರುವುದು ಹೀನವೇ ಆಗಿರುವುದಿಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಭಕ್ತರು ಮಕ್ಕಳಿಗೆ ತಿಪ್ಪೇಸ್ವಾಮಿಯೆಂದು ಹೆಸರಿಡುವುದು ಪರಮಗೌರವದಿಂದ. ಅಪೂರ್ವವಾದ ಹೆಸರು ಹೀಗೆ ನಮಗೆ ಹೊಸದಲ್ಲ.

ಅಕ್ಷರದ ಮಾರ್ಪಾಟೂ ಹೊಸದಲ್ಲ. ಲಕ್ಷ್ಮಿ ಎಂಬುದು ಲಕ್ಕವ್ವನಾಯಿತು, ಬ್ರಹ್ಮನು ಬೊಮ್ಮನಾದನು, ವಿಷ್ಣು ಬಿಟ್ಟಿಯಾದನು, ಶ್ರೀ ಸಿರಿಯಾಯಿತು. ವೃಷಭ ಶಬ್ದವು ಬಸವ ಎಂದಾಯಿತು. ಜಗತ್ತೇ ತಲೆಬಾಗುವ ಬಸವ ನಾಮವು ಅಕ್ಷರ ಬದಲಾದ ರೂಪವೇ ಆಗಿರುವಾಗ, ಬದಲಾವಣೆಯನ್ನೆಲ್ಲ ಅಪಭ್ರಷ್ಟವೆಂದು ಜರೆಯುವುದು ಸಲ್ಲದು. ಆದರೆ ಈ ಮಾರ್ಪಾಟಿಗೆ ಒಂದು ನಡೆಯಿದೆ. ಕನ್ನಡಿಗರ ನಾಲಗೆಗೆ ಒಗ್ಗದ ಒತ್ತಕ್ಷರವು ಸಜಾತೀಯವಾಗುವುದು, ಪದಾದಿಯ ವಕಾರವು ಬಕಾರವಾಗುವುದು, ಶಕಾರ ಷಕಾರಗಳು ಸಕಾರವಾಗುವುವು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶಪ್ರಕರಣದಲ್ಲಿ ಇಂಥ ನಿಯಮಗಳನ್ನು ಕ್ರೋಡೀಕರಿಸಿದ್ದಾನೆ. ತದ್ಭವವೆಂಬುದು ಒಬ್ಬನ ಚಪಲದಿಂದ ಆದುದಲ್ಲ. ಒಂದು ಜನಾಂಗದ ನಾಲಗೆಯು ತಲೆಮಾರುಗಳ ಕಾಲ ಉಜ್ಜಿ ನುಣುಪುಗೊಳಿಸಿದ ಕಲ್ಲು ಅದು. ಶಾಲೆಗೆ ಬಂದ ಲಕ್ಕವ್ವನನ್ನು ಲಕ್ಷ್ಮಿಯೆಂದು ತಿದ್ದಿ ಬರೆದುಕೊಳ್ಳುವ ಉಪಾಧ್ಯಾಯನು ತಪ್ಪನ್ನು ತಿದ್ದುತ್ತಿಲ್ಲ, ಸರಿಯಾದುದನ್ನೇ ಅಳಿಸುತ್ತಿದ್ದಾನೆ.

ಈ ಸಂದರ್ಭದಲ್ಲಿ ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ನೆನೆಯುವುದು ಉಚಿತ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಹಡಪದ ಅಪ್ಪಣ್ಣ, ಆಯ್ದಕ್ಕಿ ಲಕ್ಕಮ್ಮ. ಇಲ್ಲಿ ಅನ್ವರ್ಥನಾಮವೂ ಅಂಕಿತನಾಮವೂ ಜೊತೆಯಾಗಿವೆ. ದೋಣಿ ನಡೆಸುವುದು, ಬಟ್ಟೆ ಒಗೆಯುವುದು, ಹಗ್ಗ ಹೊಸೆಯುವುದು, ಬುಟ್ಟಿ ಹೆಣೆಯುವುದು, ಚೆಲ್ಲಿದ ಅಕ್ಕಿಯನ್ನು ಆಯುವುದು ಲೋಕದ ಕಣ್ಣಿಗೆ ಕೀಳೆನಿಸಿದ್ದ ಕಾಲದಲ್ಲಿ, ಅವುಗಳನ್ನು ಮುಚ್ಚಿಡದೆ ತಮ್ಮ ಹೆಸರಿನ ಮುಂದೆಯೇ ಧರಿಸಿದವರು ಇವರು. ಚೌಡಯ್ಯನವರಂತೂ ವಚನಗಳ ಅಂಕಿತವನ್ನಾಗಿ ಅಂಬಿಗರ ಚೌಡಯ್ಯ ಎಂಬ ತಮ್ಮ ಹೆಸರನ್ನೇ ಇಟ್ಟುಕೊಂಡರು. ಹೆಸರಿಗೆ ಕಾಂತಿ ಬರುವುದು ಅದರ ನವೀನತೆಯಿಂದಲ್ಲ, ಧರಿಸಿದವರ ನಡೆಯಿಂದ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ಹೊಸ ಹೆಸರುಗಳಲ್ಲಿ ಸಾಧುವಾದುವೂ ಬೇಕಾದಷ್ಟಿವೆ. ಇಂಚರವೆಂದರೆ ಇನಿದಾದ ಸ್ವರ, ನೇಸರನೆಂದರೆ ಸೂರ್ಯ, ಎರಡೂ ಅಚ್ಚಗನ್ನಡದ ಚೆಲುವನ್ನು ಹೊತ್ತಿವೆ. ಶಿವಾಂಶ ಎಂಬ ಹೆಸರು ಅಜ್ಜಂದಿರ ಕಾಲದಲ್ಲಿ ಕೇಳಿಬರದಿದ್ದರೂ ಶಿವ, ಅಂಶ ಎಂಬ ಪದಗಳು ಸವರ್ಣದೀರ್ಘ ಸಂಧಿಯಿಂದ ಕೂಡಿದ ನಿರ್ದುಷ್ಟ ರೂಪ. ಆದರೆ ಇದನ್ನೇ ಮಾದರಿಯಾಗಿಸಿಕೊಂಡ ರಿಯಾಂಶವೆಂಬುದರಲ್ಲಿ 'ರಿಯ' ಎಂಬ ಸಂಸ್ಕೃತ ಪದವೇ ಇಲ್ಲ. ಅದಕ್ಕೆ ಕಿರಣವೆಂದು ಅರ್ಥ ಹೇಳುವವರು ಭಾಗವೆಂಬ ಅರ್ಥದ 'ಅಂಶ'ವನ್ನೂ ಕಿರಣವೆಂಬ ಅರ್ಥದ 'ಅಂಶು'ವನ್ನೂ ಬೆರೆಸಿಬಿಡುವರು. ತಾಯಿತಂದೆಗಳ ಹೆಸರಿನ ತುಣುಕುಗಳನ್ನು ಜೋಡಿಸುವ ಪದ್ಧತಿಯೂ ಹಬ್ಬಿದೆ. ಅಲ್ಲಿನ ಪ್ರೀತಿ ಮೆಚ್ಚತಕ್ಕುದೇ. ಆದರೆ ಮಹೇಶನ ಮೊದಲಕ್ಷರವನ್ನೂ ಶಿಲ್ಪಾಳ ಮೊದಲಕ್ಷರವನ್ನೂ ಕೂಡಿಸಿದರೆ 'ಮಶಿ'ಯಾಗಿ, ಆಡುಮಾತಿನಲ್ಲಿ ಮಸಿಯೇ ಆದೀತು!

ಅರ್ಥವಿರುವ ಹೆಸರನ್ನೇ ಆರಿಸಿ ಅಕ್ಷರದಲ್ಲಿ ಕೆಡಿಸುವುದು ಇನ್ನೊಂದು ಬಗೆ. ಶ್ರುತಿಯೆಂಬುದು ಕೇಳು ಎಂಬ ಅರ್ಥದ ಧಾತುವಿನಿಂದ ಬಂದುದು. ಅದನ್ನು ಶೃತಿಯೆಂದು ಬರೆದರೆ ಕುದಿಸಿದುದು, ಬೇಯಿಸಿದುದು ಎಂಬರ್ಥದ ಶೃತ ಶಬ್ದದ ಕಡೆಗೆ ಸಾಗುತ್ತದೆ. ಧ್ರುವನನ್ನು ಧೃವನೆಂದು ಬರೆಯುವುದು ಇಂದು ಎಲ್ಲೆಡೆಯೂ ಕಾಣುವ ತಪ್ಪು. ಧನಲಕ್ಷ್ಮಿಯ ಮಹಾಪ್ರಾಣ ಹೋದರೆ ಉಳಿಯುವುದು ದನ. ಹರೀಶನ ಹಕಾರ ಹಾರಿದರೆ ಶತ್ರುಗಳ ಒಡೆಯನಾದ ಅರೀಶ. ಶುಭವನ್ನು ಮಾಡುವವನು ಶಂಕರ, ಸಂಕರವೆಂದರೆ ಬೆರಕೆ. ಭಾಲಚಂದ್ರನೆಂದರೆ ಹಣೆಯಲ್ಲಿ ಚಂದ್ರನುಳ್ಳವನು, ಬಾಲಚಂದ್ರನೆಂದರೆ ಎಳೆಯ ಚಂದ್ರ. ಎರಡೂ ಸುಂದರವಾದ ಹೆಸರುಗಳೇ, ಆದರೆ ಬೇರೆ ಬೇರೆ ಹೆಸರುಗಳು. ಹೆಚ್ಚು ಓದದಿದ್ದರೂ ವ್ಯಾಕರಣವನ್ನಾದರೂ ಓದು ಮಗನೇ, ಇಲ್ಲದಿದ್ದರೆ ನಿನ್ನ ಬಾಯಲ್ಲಿ ಸ್ವಜನರು ನಾಯಿಗಳಾದಾರು ಎಂದು ತಂದೆಯೊಬ್ಬನು ಬುದ್ಧಿ ಹೇಳುವ ಹಳೆಯ ಸುಭಾಷಿತವನ್ನು ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರೆಲ್ಲ ಬಲ್ಲರು.

ಈ ಕೇಡಿಗೆ ಮುಖ್ಯ ಕಾರಣವೆಂದರೆ, ಹೆಸರನ್ನು ಮೊದಲು ಇಂಗ್ಲಿಷ್ ಲಿಪಿಯಲ್ಲಿ ಬರೆದು ಅನಂತರ ಅದರಿಂದ ಕನ್ನಡಕ್ಕೆ ಇಳಿಸುವುದು. ಹ್ರಸ್ವ ದೀರ್ಘಗಳ ಭೇದವನ್ನು ಆ ಲಿಪಿ ಸರಿಯಾಗಿ ತೋರಿಸಲಾರದು. ರಮಾ ಎಂಬ ಹೆಣ್ಣುಮಗಳಿಗೂ ರಾಮ ಎಂಬ ಗಂಡುಮಗನಿಗೂ ಅಲ್ಲಿ ಅವೇ ನಾಲ್ಕು ಅಕ್ಷರಗಳು. ದಕ್ಷಿಣದವರು ಟಕಾರದಿಂದ ಬೇರ್ಪಡಿಸಲು ತಕಾರಕ್ಕೆ ಟಿ ಮತ್ತು ಹೆಚ್ ಅಕ್ಷರಗಳನ್ನು ಕೂಡಿಸಿ ಬರೆಯುವರು. ಉತ್ತರದವರು ಅದನ್ನೇ ಥಕಾರವೆಂದು ಓದುವರು. ಲತಾ ಅಲ್ಲಿ ಲಥಾ ಆಗಿಬಿಡುವಳು.

ಇದರ ಮೇಲೆ ಸಂಖ್ಯಾಶಾಸ್ತ್ರದ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಅಂಕಿಗಳನ್ನು ಹೊಂದಿಸಿ, ಮೊತ್ತವು ಶುಭವಾಗಲೆಂದು ಒಂದೆರಡು ಅಕ್ಷರಗಳನ್ನು ತುರುಕುವುದುಂಟು. ಅಕ್ಷರಕ್ಕೆ ಸಂಖ್ಯೆಯನ್ನು ಹೊಂದಿಸುವ ಕಟಪಯಾದಿ ಪದ್ಧತಿ ನಮ್ಮಲ್ಲಿಯೂ ಇದೆ. ಸಂಗೀತದ ಮೇಳಕರ್ತ ರಾಗಗಳಲ್ಲಿ ಕಲ್ಯಾಣಿಗೆ 'ಮೇಚ' ಎಂಬ ಪೂರ್ವಪದ ಸೇರಿದುದು 65 ಎಂಬ ಸಂಖ್ಯೆಯನ್ನೂ, ಶಂಕರಾಭರಣಕ್ಕೆ 'ಧೀರ' ಸೇರಿದುದು 29 ಎಂಬ ಸಂಖ್ಯೆಯನ್ನೂ ಸೂಚಿಸುವುದಕ್ಕಾಗಿ. ಅದು ನೆನಪಿಗೆ ನೆರವಾಗುವ ಜಾಣ್ಮೆ. ಅದೃಷ್ಟವನ್ನು ತರುವ ತಂತ್ರವಲ್ಲ. ನಕ್ಷತ್ರಪಾದದ ಅಕ್ಷರವನ್ನು ಹಿಡಿದು ಹೆಸರು ಹುಡುಕುವವರಿಗೂ ತೊಡಕು ತಪ್ಪಿದ್ದಲ್ಲ. ಆರ್ದ್ರೆಗೆ ಙಕಾರ, ಹಸ್ತಕ್ಕೆ ಣಕಾರ ಹೇಳಲ್ಪಟ್ಟಿವೆ. ಅವುಗಳಿಂದ ಆರಂಭವಾಗುವ ಪದ ಕನ್ನಡದಲ್ಲಿ ಎಲ್ಲಿಂದ ತರಬೇಕು? ತಿಥಿ ವಾರ ಲಗ್ನಗಳ ಅಂಜಿಕೆಯಿಂದ ಭಕ್ತನನ್ನು ಬಿಡಿಸಿದ ಬಸವಣ್ಣನವರ ಪರಂಪರೆಯಲ್ಲಿ ಹುಟ್ಟಿ, ಅಕ್ಷರದ ಅಂಜಿಕೆಗೆ ಸಿಕ್ಕುವುದು ವಿಚಾರ ಮಾಡತಕ್ಕ ವಿಷಯ.

ಇವೆಲ್ಲ ಪಂಡಿತರ ಚರ್ಚೆ ಮಾತ್ರವೆಂದು ಯಾರೂ ಭಾವಿಸಬಾರದು. 1969ರ ಜನನ ಮರಣ ನೋಂದಣಿ ಅಧಿನಿಯಮದಂತೆ ಹೆಸರಿಡುವ ಮುನ್ನವೇ ಶಿಶುವಿನ ಜನನವನ್ನು ನೋಂದಾಯಿಸಿ, ಹೆಸರನ್ನು ಅನಂತರ ಸೇರಿಸಲು ಅವಕಾಶವಿದೆ. ಅವಸರಕ್ಕೆ ಕಾರಣವಿಲ್ಲ. 2023ರ ತಿದ್ದುಪಡಿಯಿಂದಾಗಿ, ಆ ವರ್ಷದ ಅಕ್ಟೋಬರ್ 1ರಂದು ಮತ್ತು ಅನಂತರ ಹುಟ್ಟಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರ್ಕಾರಿ ನೇಮಕಾತಿ ಮೊದಲಾದವಕ್ಕೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನ ಮತ್ತು ಸ್ಥಳಗಳ ಆಧಾರ. ಅದರಲ್ಲಿ ಒಂದು ವಿಧ, ಶಾಲೆಯ ದಾಖಲಾತಿಯಲ್ಲಿ ಮತ್ತೊಂದು ವಿಧ, ಅಂಕಪಟ್ಟಿಯಲ್ಲಿ ಮೂರನೆಯ ವಿಧವಾಗಿ ಹೆಸರು ನಿಂತರೆ, ತಾನು ಮಾಡದ ತಪ್ಪಿಗೆ ಆ ಮಗು ದೊಡ್ಡದಾದ ಮೇಲೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದೀತು. ಬಡವರ ಮಕ್ಕಳಿಗೆ ಈ ಅಲೆದಾಟ ಒಂದೆರಡು ದಿನದ ಕೂಲಿಯ ನಷ್ಟವೂ ಹೌದು.

ಆದುದರಿಂದ ತಾಯಿತಂದೆಗಳು ಹೆಸರನ್ನು ಆರಿಸಿದ ಮೇಲೆ ಮೂರು ಕೆಲಸ ಮಾಡುವುದು ಒಳ್ಳೆಯದು. ನಿಘಂಟಿನಲ್ಲಿ ಅದರ ಅರ್ಥವನ್ನು ನೋಡುವುದು. ಮನೆಯ ಹಿರಿಯ ಅಜ್ಜಿಯ ಬಾಯಲ್ಲಿ ಅದು ಸಲೀಸಾಗಿ ಬರುವುದೇ ಎಂದು ಕೂಗಿಸಿ ನೋಡುವುದು. ಮೊದಲು ಕನ್ನಡದಲ್ಲಿ ಬರೆದು, ಆ ಕಾಗದವನ್ನೇ ನೋಂದಣಿಗೂ ಶಾಲೆಗೂ ಒಯ್ಯುವುದು. ಉಪಾಧ್ಯಾಯರು ಪ್ರವೇಶದ ದಿನವೇ ಅಕ್ಷರದ ಸಂದೇಹವನ್ನು ಪಾಲಕರೊಡನೆ ಮಾತನಾಡಿ ನಿವಾರಿಸಿಕೊಳ್ಳಬೇಕು; ತಮ್ಮಷ್ಟಕ್ಕೆ ತಾವೇ ತಿದ್ದಬಾರದು.

ಎಲ್ಲಕ್ಕಿಂತ ಮಿಗಿಲಾದ ಮಾತೊಂದಿದೆ. ಹೆಸರು ಹೇಗೇ ಇರಲಿ, ಅದನ್ನು ಹೊತ್ತು ತರಗತಿಗೆ ಬಂದ ಮಗು ನಿರಪರಾಧಿ. ಹಾಜರಿ ಕೂಗುವಾಗ ತಿಪ್ಪವ್ವನೆಂಬ ಹೆಸರಿಗೆ ಹುಡುಗರು ನಕ್ಕರೆ, ನಾಳೆ ಆ ಹುಡುಗಿ ಓಗೊಡಲು ಹಿಂಜರಿಯುವಳು. ನಾಡಿದ್ದು ಶಾಲೆಗೆ ಬರಲೂ ಹಿಂಜರಿದಾಳು. ಅರ್ಥವಿಲ್ಲದ ಹೊಸ ಹೆಸರಿನ ಮಗುವನ್ನು ನೋಡಿ ಪಂಡಿತರು ನಕ್ಕರೂ ಆಗುವ ಗಾಯ ಅದೇ. ಕಾಯಕದ ಹೆಸರುಗಳನ್ನು ತಲೆಯೆತ್ತಿ ಹೇಳಿಕೊಂಡ ಶರಣರ ನಾಡಿನಲ್ಲಿ ಯಾವ ಮಗುವೂ ತನ್ನ ಹೆಸರನ್ನು ತಲೆತಗ್ಗಿಸಿ ಹೇಳುವಂತಾಗಬಾರದು. ಹೆಸರು ಹಳೆಯದಿರಲಿ, ಹೊಸದಿರಲಿ. ಅದರ ಅಕ್ಷರವು ಶುದ್ಧವಾಗಿರಲಿ, ಅದನ್ನು ಕರೆಯುವ ದನಿಯಲ್ಲಿ ಗೌರವವಿರಲಿ.